ಬಂಡವಾಳಶಾಹಿಯ ಇತಿಹಾಸ ತಿಳಿಯಲು ಐದು ದಾರಿ: ಷೇರು, ಬೆಳ್ಳಿ, ಸಕ್ಕರೆ, ಹೊಲ, ಹತ್ತಿ. ನಿಮಗೆ ಯಾವುದು ಸರಿ?

ಬಂಡವಾಳಶಾಹಿ ಹೇಗೆ ಹುಟ್ಟಿತು, ಜಗತ್ತೆಲ್ಲ ಹೇಗೆ ಹಬ್ಬಿತು ಅಂತ ತಿಳಿಯಲು ಹೊರಟವರಿಗೆ ಮೊದಲ ತೊಂದರೆ, ಎಲ್ಲಿಂದ ಶುರು ಮಾಡಬೇಕು ಅನ್ನುವುದು. ಐನೂರು ವರ್ಷಗಳ ಕಥೆ ಇದು. ಮೊದಲಿನಿಂದ ಕೊನೆವರೆಗೆ ಸಾಲಾಗಿ ಓದುತ್ತೇನೆ ಅಂತ ಕೂತರೆ ಇಟಲಿಯ ಹಳೆಯ ವ್ಯಾಪಾರಿ ನಗರಗಳಾದ ವೆನಿಸ್, ಜಿನೋವಾ ಮುಗಿಯುವಷ್ಟರಲ್ಲಿ ಸುಸ್ತಾಗುತ್ತದೆ. ಅದಕ್ಕಿಂತ ಒಂದು ಎಳೆ ಹಿಡಿದು ಅದು ಕರೆದುಕೊಂಡು ಹೋದಲ್ಲಿಗೆ ಹೋಗುವುದು ಒಳ್ಳೆಯದು. ಕಂಪನಿ ಷೇರು, ಬೆಳ್ಳಿ, ಸಕ್ಕರೆ, ಇಂಗ್ಲೆಂಡಿನ ಹೊಲ, ಹತ್ತಿ, ಹೀಗೆ ಐದು ಎಳೆಗಳಿವೆ. ಪ್ರತಿಯೊಂದೂ ಬೇರೆ ಬೇರೆ ವಿಷಯ ಕಲಿಸುತ್ತದೆ, ಬೇರೆ ಬೇರೆ ವಿಷಯ ಮುಚ್ಚಿಡುತ್ತದೆ. ಪರೀಕ್ಷೆಗೆ ಓದುವವರಿಗೂ, ಷೇರುಪೇಟೆಯಲ್ಲಿ ದುಡ್ಡು ಹಾಕಿ ಇದೆಲ್ಲ ಎಲ್ಲಿಂದ ಬಂತು ಅಂತ ಯೋಚಿಸುವವರಿಗೂ, ಊರಲ್ಲಿ ಹೊಲ ಇದ್ದು ಬೆಲೆ ಯಾಕೆ ಹೀಗೆ ಏರಿಳಿಯುತ್ತದೆ ಅಂತ ತಲೆಕೆಡಿಸಿಕೊಂಡವರಿಗೂ ಒಂದೇ ದಾರಿ ಹೊಂದುವುದಿಲ್ಲ.

ಅಳೆಯಲು ನಾನು ಮೂರು ಪ್ರಶ್ನೆ ಇಟ್ಟುಕೊಳ್ಳುತ್ತೇನೆ. ದುಡಿದವರು ಯಾರು? ಸಾಲ ಕೊಟ್ಟವರು ಯಾರು? ಕಾನೂನು ಮತ್ತು ಕೋವಿ ಯಾರ ಪರ ಇತ್ತು? ಈ ಮೂರಕ್ಕೂ ಉತ್ತರ ಒಂದೇ ಕಥೆಯಲ್ಲಿ ಸಿಕ್ಕರೆ ಅದು ಒಳ್ಳೆಯ ದಾರಿ.

ಯಾಕೆ ಈ ಮೂರೇ ಅಂದರೆ, ಬರೀ ವ್ಯಾಪಾರ ನೋಡಿದರೆ ಬಂಡವಾಳಶಾಹಿ ಕಾಣುವುದಿಲ್ಲ. ವ್ಯಾಪಾರ ಬಹಳ ಹಳೆಯದು. ನಮ್ಮ ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ಸಾವಿರ ವರ್ಷದ ಹಿಂದೆ ಸಮುದ್ರ ದಾಟಿ ವ್ಯಾಪಾರ ಮಾಡಿದವರು. ಅವರ ಸಂಘದ 1088ರ ತಮಿಳು ಶಾಸನ ಸುಮಾತ್ರ ದ್ವೀಪದ ಬಾರೂಸ್ ಹತ್ತಿರ ಸಿಕ್ಕಿದೆ. ದುಡ್ಡಿತ್ತು, ಹಡಗಿತ್ತು, ಲೆಕ್ಕ ಇತ್ತು, ದೂರದ ಮಾರುಕಟ್ಟೆ ಇತ್ತು. ಆದರೆ ಹೊಲ ಯಾರದ್ದಾಗಿರಬೇಕು, ಅದರಲ್ಲಿ ಏನು ಬೆಳೆಯಬೇಕು, ಕೂಲಿಯವನು ಎಷ್ಟು ಹೊತ್ತಿಗೆ ಏಳಬೇಕು ಅನ್ನುವುದನ್ನೆಲ್ಲ ದೂರದ ಊರಿನಲ್ಲಿ ಕೂತು ಬಂಡವಾಳ ಹಾಕಿದವನ ಲಾಭದ ಲೆಕ್ಕವೇ ತೀರ್ಮಾನಿಸುವ ಸ್ಥಿತಿ ಆಗ ಇರಲಿಲ್ಲ. ಆ ಬದಲಾವಣೆ ಎಲ್ಲಿ ಆಯಿತು ಅನ್ನುವುದನ್ನೇ ಹುಡುಕಬೇಕಾಗಿರುವುದು.

ಕಂಪನಿ ಷೇರಿನ ದಾರಿ

ಷೇರುಪೇಟೆಯ ಪರಿಚಯ ಇರುವವರಿಗೆ ಇದು ಎಲ್ಲಕ್ಕಿಂತ ಸುಲಭ. ಶುರು 1602ರಲ್ಲಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಸುಮಾರು 64 ಲಕ್ಷ ಗಿಲ್ಡರ್ (ಡಚ್ಚರ ನಾಣ್ಯ) ಬಂಡವಾಳ ಕೂಡಿತು. ಅದರ ಆಮ್‌ಸ್ಟರ್‌ಡ್ಯಾಮ್ ಶಾಖೆಯೊಂದರಲ್ಲೇ ಸಾವಿರಕ್ಕೂ ಜಾಸ್ತಿ ಜನ ದುಡ್ಡು ಹಾಕಿದರು. ದೊಡ್ಡ ವ್ಯಾಪಾರಿಗಳ ಜೊತೆ ಮನೆಗೆಲಸದ ಹೆಂಗಸೊಬ್ಬಳ ಹೆಸರೂ ಆ ಪಟ್ಟಿಯಲ್ಲಿದೆ, ಅವಳು ಹಾಕಿದ್ದು 100 ಗಿಲ್ಡರ್.

ಹೊಸತು ಏನಪ್ಪಾ ಅಂದರೆ, ಅದಕ್ಕೆ ಮುಂಚೆ ಒಂದೊಂದು ಹಡಗಿನ ಪ್ರಯಾಣಕ್ಕೆ ದುಡ್ಡು ಕೂಡಿಸಿ, ಹಡಗು ಬಂದ ಮೇಲೆ ಸರಕು ಮಾರಿ, ಲಾಭ ಹಂಚಿಕೊಂಡು ಲೆಕ್ಕ ಚುಕ್ತಾ ಮಾಡುತ್ತಿದ್ದರು. ಈ ಕಂಪನಿಯಲ್ಲಿ ಹಾಕಿದ ದುಡ್ಡು ವಾಪಸ್ ಸಿಗುತ್ತಿರಲಿಲ್ಲ. ಬೇಕಾದರೆ ನಿಮ್ಮ ಪಾಲನ್ನು ಇನ್ನೊಬ್ಬರಿಗೆ ಮಾರಬಹುದಿತ್ತು. ಹಾಗೆ ಪಾಲು ಕೊಳ್ಳುವ ಮಾರುವ ಪೇಟೆಯೇ ಹುಟ್ಟಿಕೊಂಡಿತು. 1609ರಲ್ಲಿ ಐಸಾಕ್ ಲ ಮೇರ್ ಅನ್ನುವ ವ್ಯಾಪಾರಿ ಮತ್ತವನ ಜೊತೆಗಾರರು ಕೈಯಲ್ಲಿ ಇಲ್ಲದ ಷೇರನ್ನು ಮೊದಲೇ ಮಾರಿ, ಬೆಲೆ ಬೀಳಿಸಿ, ಆಮೇಲೆ ಅಗ್ಗಕ್ಕೆ ಕೊಂಡು ಒಪ್ಪಿಸುವ ಆಟ ಆಡಿದರು. 1610ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಇವತ್ತು ಶಾರ್ಟ್ ಸೆಲ್ಲಿಂಗ್ ಅಂತ ನಾವು ಜಗಳ ಆಡುತ್ತೇವಲ್ಲ, ಅದು ನಾನೂರು ವರ್ಷ ಹಳೆಯ ಜಗಳ.

ಈ ಕಂಪನಿಗೆ ಸೈನ್ಯ ಇಡುವ, ಕೋಟೆ ಕಟ್ಟುವ, ಒಪ್ಪಂದ ಮಾಡಿಕೊಳ್ಳುವ ಹಕ್ಕೂ ಇತ್ತು. 1621ರಲ್ಲಿ ಯಾನ್ ಪೀಟರ್‌ಸೋನ್ ಕೂನ್ ನೇತೃತ್ವದಲ್ಲಿ ಕಂಪನಿ ಇವತ್ತಿನ ಇಂಡೋನೇಷ್ಯಾದ ಬಾಂಡಾ ದ್ವೀಪಗಳ ಮೇಲೆ ಬಿದ್ದಿತು. ಆ ಕಾಲಕ್ಕೆ ಜಾಯಿಕಾಯಿ ಬೆಳೆಯುತ್ತಿದ್ದುದು ಅಲ್ಲಿ ಮಾತ್ರ. ಅಲ್ಲಿನ ಜನರಲ್ಲಿ ಬಹುಪಾಲು ಸತ್ತರು, ಇಲ್ಲವೇ ಓಡಿಹೋದರು, ಇಲ್ಲವೇ ಗುಲಾಮರಾದರು. ಆಮೇಲೆ ಆ ತೋಟಗಳನ್ನು ಹಂಚಿ ಗುಲಾಮರಿಂದ ದುಡಿಸಿದರು. ನಮ್ಮ ಕರಾವಳಿಗೂ ಈ ಮಸಾಲೆ ವ್ಯಾಪಾರದ ಬಿಸಿ ತಟ್ಟಿದೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತಲೇ ಕರೆದರು. ಆದರೆ ಪೋರ್ಚುಗೀಸರದ್ದು ರಾಜನ ವ್ಯಾಪಾರ, ಡಚ್ಚರದ್ದು ಷೇರುದಾರರ ವ್ಯಾಪಾರ. ಈ ವ್ಯತ್ಯಾಸ ಸರಿಯಾಗಿ ಅರ್ಥ ಆದರೆ ಈ ದಾರಿಯ ಅರ್ಧ ಕೆಲಸ ಮುಗಿದ ಹಾಗೆ.

ಕೊರತೆ ಏನು? ದಾಖಲೆಗಳೆಲ್ಲ ನಿರ್ದೇಶಕರ ಕೋಣೆಯಿಂದ ಬಂದವು. ಸಾಲ, ಲಾಭ, ಕೋವಿ ಚೆನ್ನಾಗಿ ಕಾಣುತ್ತದೆ. ದುಡಿದವರು ಕಾಣುವುದು ಅಪರೂಪ. ಇದೊಂದನ್ನೇ ಓದಿದವರು ಬಂಡವಾಳಶಾಹಿ ಅಂದರೆ ಕಂಪನಿ ಮತ್ತು ಷೇರುಪೇಟೆ ಅಷ್ಟೇ ಅಂದುಕೊಳ್ಳುತ್ತಾರೆ. ಅದು ಅರೆ ತಿಳಿವಳಿಕೆ.

ಬೆಳ್ಳಿಯ ದಾರಿ

ಇತಿಹಾಸ ಅಂದರೆ ಯುರೋಪು, ಉಳಿದವರೆಲ್ಲ ನೋಡುತ್ತಾ ನಿಂತವರು ಅನ್ನುವ ಭಾವನೆ ನಿಮ್ಮಲ್ಲಿ ಇದ್ದರೆ ಇದನ್ನು ಆರಿಸಿ. 1545ರಲ್ಲಿ ಇವತ್ತಿನ ಬೊಲಿವಿಯಾದ ಪೊಟೊಸಿಯಲ್ಲಿ ಬೆಳ್ಳಿಯ ಗುಡ್ಡ ಸ್ಪೇನ್‌ನವರ ಕೈಗೆ ಸಿಕ್ಕಿತು. 1570ರ ದಶಕದಲ್ಲಿ ವೈಸ್‌ರಾಯ್ ತೊಲೆದೊ ಸುತ್ತಲಿನ ಹಳ್ಳಿಗಳ ಗಂಡಸರು ಸರದಿ ಮೇಲೆ ಗಣಿಗೆ ಬರಲೇಬೇಕು ಅನ್ನುವ ಮಿತಾ ಪದ್ಧತಿ ಕಟ್ಟಿದ. 1571ರಲ್ಲಿ ಮನಿಲಾವನ್ನು ಸ್ಪೇನ್ ತನ್ನ ನೆಲೆ ಮಾಡಿಕೊಂಡಿತು. ಅಲ್ಲಿಂದ ಬೆಳ್ಳಿ ಚೀನಾಕ್ಕೆ ಹರಿಯಿತು, ಯಾಕಂದರೆ ಮಿಂಗ್ ದೊರೆಗಳು ತೆರಿಗೆಯನ್ನು ಬೆಳ್ಳಿಯಲ್ಲೇ ಕೇಳುತ್ತಿದ್ದರು. ಮೊಘಲರ ರೂಪಾಯಿಗೂ ಬೆಳ್ಳಿ ಹೊರಗಿನಿಂದಲೇ ಬರಬೇಕಿತ್ತು. ಜಗತ್ತಿನ ಸರಕು ತಯಾರಾಗುತ್ತಿದ್ದುದು ಏಷ್ಯಾದಲ್ಲಿ. ಯುರೋಪಿನವರ ಹತ್ತಿರ ಅದಕ್ಕೆ ಬದಲಾಗಿ ಕೊಡಲು ಇದ್ದದ್ದು ಹೆಚ್ಚಾಗಿ ಬೆಳ್ಳಿಯೇ.

ಇಷ್ಟೆಲ್ಲ ಬೆಳ್ಳಿ ಕೈಯಲ್ಲಿದ್ದ ಸ್ಪೇನ್ ದೊರೆ 1557, 1575, 1596ರಲ್ಲಿ ಸಾಲ ತೀರಿಸಲಾಗದೆ ಕೈ ಎತ್ತಿದ. ದುಡ್ಡು ಗುಡ್ಡೆ ಹಾಕಿದ ಮಾತ್ರಕ್ಕೆ ಅದು ಬಂಡವಾಳ ಆಗುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ. ಈ ಒಂದು ಪಾಠಕ್ಕಾಗಿಯಾದರೂ ಬೆಳ್ಳಿಯ ಕಥೆ ಓದಬೇಕು. ಆದರೆ ಮೊದಲ ದಾರಿಯಾಗಿ ಬೇಡ. ಕಾರ್ಖಾನೆ ಯುಗಕ್ಕೆ ಅದು ನಿಮ್ಮನ್ನು ತಲುಪಿಸುವುದಿಲ್ಲ.

ಸಕ್ಕರೆಯ ದಾರಿ

ಇದು ಓದಲು ಕಷ್ಟ, ಮನಸ್ಸಿಗೆ ಕಷ್ಟ. ಆದರೂ ದುಡಿಮೆಯ ಇತಿಹಾಸ ಬೇಕು ಅನ್ನುವವರಿಗೆ ಇದೇ ದಾರಿ.

ಮಂಡ್ಯ ಕಡೆ ಆಲೆಮನೆ ನೋಡಿದವರಿಗೆ ಒಂದು ವಿಷಯ ಬೇಗ ಹೊಳೆಯುತ್ತದೆ. ಕಡಿದ ಕಬ್ಬು ಕಾಯುವುದಿಲ್ಲ. ತಡ ಮಾಡದೆ ಅರೆಯಬೇಕು, ಹಾಲನ್ನು ಕೂಡಲೇ ಕುದಿಸಬೇಕು. ಹಾಗಾಗಿ ಕಬ್ಬಿನ ಹೊಲದ ಪಕ್ಕದಲ್ಲೇ ಗಾಣ, ಕೊಪ್ಪರಿಗೆ, ಒಲೆ, ಪಾಳಿ ಎಲ್ಲ ಬೇಕು. 1640ರ ದಶಕದಿಂದ ಬಾರ್ಬಡೋಸ್‌ನಲ್ಲಿ ಇಂಗ್ಲಿಷ್ ತೋಟದವರು ತಂಬಾಕು ಬಿಟ್ಟು ಕಬ್ಬಿಗೆ ಬಂದಾಗ ಕಟ್ಟಿದ್ದು ಇದನ್ನೇ, ಆದರೆ ಗುಲಾಮರ ಬೆನ್ನ ಮೇಲೆ. ಗಂಟೆ ಹೊಡೆದು ಎಬ್ಬಿಸುವುದು, ಗುಂಪು ಮಾಡಿ ಕೆಲಸ ಹಂಚುವುದು, ರಾತ್ರಿ ಪಾಳಿ, ತಲಾ ಇಷ್ಟು ಕೆಲಸ ಅಂತ ಲೆಕ್ಕ ಬರೆಯುವುದು, ಇವೆಲ್ಲ ಮ್ಯಾಂಚೆಸ್ಟರ್‌ನ ಹತ್ತಿ ಗಿರಣಿಗಳಿಗಿಂತ ನೂರು ವರ್ಷ ಮುಂಚೆಯೇ ಕೆರಿಬಿಯನ್ ದ್ವೀಪಗಳಲ್ಲಿ ನಡೆಯುತ್ತಿದ್ದವು. ಕಾರ್ಖಾನೆಯ ಶಿಸ್ತು ಹುಟ್ಟಿದ್ದು ಇಂಗ್ಲೆಂಡಿನಲ್ಲಿ ಅಂತ ಸುಮ್ನೆ ಒಪ್ಪಿಕೊಂಡವರು ಇದನ್ನು ಓದಲೇಬೇಕು.

ಅಟ್ಲಾಂಟಿಕ್ ದಾಟಿಸಲು ಆಫ್ರಿಕಾದಿಂದ ಹಡಗು ಹತ್ತಿಸಿದವರು ಸುಮಾರು 1.25 ಕೋಟಿ ಜನ. ಅವರಲ್ಲಿ ಜೀವಂತ ಇಳಿದವರು ಸುಮಾರು 1.07 ಕೋಟಿ. ಈ ವ್ಯಾಪಾರದ ಒಳಗೆ ಸಾಲ ಮತ್ತು ವಿಮೆ ಎಷ್ಟು ಆಳಕ್ಕೆ ಇಳಿದಿತ್ತು ಅನ್ನುವುದಕ್ಕೆ 1781ರ ಝಾಂಗ್ ಹಡಗಿನ ಪ್ರಕರಣ ನೋಡಿ. ನೀರು ಸಾಲದು ಅನ್ನುವ ನೆಪದಲ್ಲಿ 130ಕ್ಕೂ ಹೆಚ್ಚು ಜನರನ್ನು ಸಮುದ್ರಕ್ಕೆ ಎಸೆದರು. ಆಮೇಲೆ ಹಡಗಿನ ಮಾಲೀಕರು ಸರಕು ನಷ್ಟ ಆಯಿತು ಅಂತ ವಿಮೆ ಹಣ ಕೇಳಿದರು. 1783ರಲ್ಲಿ ಲಂಡನ್ ಕೋರ್ಟಿನಲ್ಲಿ ವಾದ ನಡೆದದ್ದು ಕೊಲೆಯ ಬಗ್ಗೆ ಅಲ್ಲ, ವಿಮೆಯ ಬಗ್ಗೆ.

1833ರಲ್ಲಿ ಬ್ರಿಟನ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ನಿಲ್ಲಿಸುವ ಕಾಯ್ದೆ ಮಾಡಿತು. ಪರಿಹಾರವಾಗಿ 2 ಕೋಟಿ ಪೌಂಡ್ ಕೊಟ್ಟಿತು. ಯಾರಿಗೆ? ಮಾಲೀಕರಿಗೆ. ದುಡಿದವರಿಗೆ ಒಂದು ಕಾಸೂ ಇಲ್ಲ. ಅದಕ್ಕೆ ಸರ್ಕಾರ ಎತ್ತಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಫ್ರಾನ್ಸಿನ ವಸಾಹತಾಗಿದ್ದ ಹೈಟಿಯದ್ದು ಇನ್ನೂ ಕೆಟ್ಟ ಕಥೆ. ಅಲ್ಲಿನ ಗುಲಾಮರು 1791ರಲ್ಲಿ ದಂಗೆ ಎದ್ದು, ಹೋರಾಡಿ, 1804ರಲ್ಲಿ ಸ್ವಂತ ದೇಶ ಕಟ್ಟಿಕೊಂಡರು. 1825ರಲ್ಲಿ ಫ್ರಾನ್ಸ್ ಯುದ್ಧ ಹಡಗು ತಂದು ನಿಲ್ಲಿಸಿ 15 ಕೋಟಿ ಫ್ರಾಂಕ್ ಕೊಡಿ ಅಂತ ಕೇಳಿತು. ಆಮೇಲೆ ಅದು 9 ಕೋಟಿಗೆ ಇಳಿಯಿತು. ಆ ದುಡ್ಡಿಗೆ ಮಾಡಿದ ಸಾಲದ ಬಾಲ 1947ರವರೆಗೂ ಬಿಡಲಿಲ್ಲ. ಅಂದರೆ ಸ್ವಾತಂತ್ರ್ಯ ಗೆದ್ದವರೇ ಸೋತ ಮಾಲೀಕರಿಗೆ ನಷ್ಟ ಕಟ್ಟಿಕೊಟ್ಟರು. ನನ್ನ ಮೂರೂ ಪ್ರಶ್ನೆಗೆ ಈ ಒಂದು ದೇಶದಲ್ಲಿ ಉತ್ತರ ಸಿಗುತ್ತದೆ.

ಗುಲಾಮಗಿರಿ ಹೋದ ಮೇಲೆ ಕಬ್ಬಿನ ತೋಟಕ್ಕೆ ಕರಾರಿನ ಮೇಲೆ ಭಾರತದವರನ್ನು ಒಯ್ದರು. ಮಾರಿಷಸ್‌ಗೆ 1834ರಿಂದ, ಬ್ರಿಟಿಷ್ ಗಯಾನಾಕ್ಕೆ 1838ರಿಂದ. ಹಾಗಾಗಿ ಈ ದಾರಿ ಸುತ್ತಿ ನಮ್ಮ ಕಡೆಗೇ ಬರುತ್ತದೆ.

ಒಂದು ಎಚ್ಚರಿಕೆ. ಗುಲಾಮರ ದುಡಿಮೆಯ ಲಾಭವೇ ಇಂಗ್ಲೆಂಡಿನ ಕೈಗಾರಿಕಾ ಕ್ರಾಂತಿಗೆ ಬಂಡವಾಳ ಆಯಿತಾ ಅನ್ನುವ ಬಗ್ಗೆ ಇತಿಹಾಸಕಾರರ ಜಗಳ ಇನ್ನೂ ಮುಗಿದಿಲ್ಲ. ಯಾರಾದರೂ ಹೌದು ಅಂತಲೋ ಇಲ್ಲ ಅಂತಲೋ ಒಂದೇ ಮಾತಲ್ಲಿ ಹೇಳಿದರೆ ನಂಬಬೇಡಿ.

ಇಂಗ್ಲೆಂಡಿನ ಹೊಲದ ದಾರಿ

ಈ ದಾರಿಯಲ್ಲಿ ಹಡಗಿಲ್ಲ, ಯುದ್ಧ ಇಲ್ಲ, ಓದಲು ಒಣ ಅನ್ನಿಸುತ್ತದೆ. ಆದರೆ ಯಾಕೆ ಅನ್ನುವ ಪ್ರಶ್ನೆಗೆ ಇದು ಉಳಿದವಕ್ಕಿಂತ ನೇರವಾಗಿ ಉತ್ತರಿಸುತ್ತದೆ. ನಮ್ಮ ಗೋಮಾಳದ ಹಾಗೆ ಅಲ್ಲಿನ ಹಳ್ಳಿಗಳಲ್ಲೂ ದನ ಮೇಯಿಸುವ, ಸೌದೆ ಆರಿಸುವ ಸಾಮೂಹಿಕ ಜಾಗ ಇತ್ತು. ಅದಕ್ಕೆ ಬೇಲಿ ಬಿತ್ತು. 1604ರಿಂದ 1914ರ ನಡುವೆ ಪಾರ್ಲಿಮೆಂಟು ಬೇಲಿ ಹಾಕಲು 5,200ಕ್ಕೂ ಹೆಚ್ಚು ಕಾಯ್ದೆ ಮಾಡಿತು, ಇಂಗ್ಲೆಂಡಿನ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ನೆಲ ಅದರಡಿ ಹೋಯಿತು. ಒಂದು ಕಡೆ ಜಮೀನುದಾರ, ನಡುವೆ ಲಾಭಕ್ಕಾಗಿ ಗೇಣಿಗೆ ಹಿಡಿದವನು, ಕೆಳಗೆ ಕೂಲಿ ಬಿಟ್ಟರೆ ಬೇರೆ ಗತಿ ಇಲ್ಲದವನು. ಗೇಣಿ ಪೈಪೋಟಿಯಲ್ಲಿ ಏರುತ್ತಾ ಹೋದರೆ ಇಳುವರಿ ಹೆಚ್ಚಿಸಲೇಬೇಕು, ಇಲ್ಲವೇ ಜಮೀನು ಬಿಡಬೇಕು. ಈ ಒತ್ತಡವೇ ಬಂಡವಾಳಶಾಹಿಯ ಮೂಲ ಅನ್ನುವವರ ವಾದಕ್ಕೆ ಬಲ ಇದೆ. ಭೂಸುಧಾರಣೆ, ಗೇಣಿ ಕಾಯ್ದೆ ಅಂತ ಓದಿಕೊಂಡ ಕನ್ನಡದ ಓದುಗರಿಗೆ ಇದು ಬೇಗ ಅರ್ಥ ಆಗುತ್ತದೆ. ಆದರೆ ಒಂದೇ ದ್ವೀಪದ ಕಥೆ ಓದಿ ಜಾಗತಿಕ ಇತಿಹಾಸ ಓದಿದೆ ಅನ್ನಲಾಗದು ಅಲ್ವಾ? ಎರಡನೇ ಓದಿಗೆ ಇಟ್ಟುಕೊಳ್ಳಿ.

ಹತ್ತಿಯ ದಾರಿ

ನನ್ನನ್ನು ಕೇಳಿದರೆ ಇದರಿಂದಲೇ ಶುರು ಮಾಡಿ ಅನ್ನುತ್ತೇನೆ. ಷೇರು, ಗುಲಾಮಗಿರಿ, ಬೇಲಿ, ಕೋವಿ, ಸಾಲ ಎಲ್ಲವೂ ಹತ್ತಿಯ ಹೊಟ್ಟೆಯಲ್ಲಿವೆ. ಅದಕ್ಕಿಂತ ಮುಖ್ಯ, ಇದು ಧಾರವಾಡದ ಎರೆ ಹೊಲದ ಮೇಲೆ ಹಾದು ಹೋಗುತ್ತದೆ.

ಮೊದಲು ಕಾನೂನಿನ ಮಾತು. ಭಾರತದ ಬಣ್ಣದ ಬಟ್ಟೆ ಇಂಗ್ಲೆಂಡಿನಲ್ಲಿ ಎಷ್ಟು ಓಡುತ್ತಿತ್ತು ಅಂದರೆ ಅಲ್ಲಿನ ಉಣ್ಣೆ, ರೇಷ್ಮೆ ನೇಯುವವರು ಗಲಾಟೆ ಎಬ್ಬಿಸಿದರು. 1700ರಲ್ಲಿ ಪಾರ್ಲಿಮೆಂಟು ಏಷ್ಯಾದ ಅಚ್ಚಿನ ಬಟ್ಟೆ ತರಿಸುವುದನ್ನು ನಿಷೇಧಿಸಿತು. 1721ರಲ್ಲಿ ಅಚ್ಚು ಹಾಕಿದ ಹತ್ತಿ ಬಟ್ಟೆಯನ್ನು ಉಡುವುದನ್ನೇ ಬಹುಮಟ್ಟಿಗೆ ನಿಷೇಧಿಸಿತು. ಈ ಬೇಲಿಯ ಒಳಗೆ ಇಂಗ್ಲೆಂಡಿನ ಲ್ಯಾಂಕಾಷೈರ್ ಸೀಮೆಯ ಹತ್ತಿ ಉದ್ಯಮ ಬೆಳೆಯಿತು. 1760ರ ದಶಕದಲ್ಲಿ ಹಾರ್ಗ್ರೀವ್ಸ್‌ನ ಜೆನ್ನಿ, 1769ರಲ್ಲಿ ಆರ್ಕ್‌ರೈಟ್‌ನ ನೀರಿನ ಶಕ್ತಿಯ ಯಂತ್ರ, 1779ರಲ್ಲಿ ಕ್ರಾಂಪ್ಟನ್‌ನ ಮ್ಯೂಲ್, ಹೀಗೆ ನೂಲು ತೆಗೆಯುವ ಯಂತ್ರಗಳು ಬಂದವು. ಮುಕ್ತ ವ್ಯಾಪಾರ ಒಳ್ಳೆಯದು ಅಂತ ಇಂಗ್ಲೆಂಡು ಲೋಕಕ್ಕೆಲ್ಲ ಹೇಳಲು ಶುರು ಮಾಡಿದ್ದು ತನ್ನ ಗಿರಣಿಗಳು ಗೆದ್ದ ಮೇಲೆ.

ಯಂತ್ರಗಳಿಗೆ ಅರಳೆ ಬೇಕಲ್ಲ. 1793ರಲ್ಲಿ ಎಲೈ ವಿಟ್ನಿ ಬೀಜ ಬಿಡಿಸುವ ಜಿನ್ ಯಂತ್ರ ಮಾಡಿದ ಮೇಲೆ ಅಮೆರಿಕದ ದಕ್ಷಿಣ ರಾಜ್ಯಗಳು ಹತ್ತಿಯ ಸಾಮ್ರಾಜ್ಯವಾದವು. ಅಲ್ಲಿನ ಮೂಲನಿವಾಸಿಗಳನ್ನು 1830ರ ಕಾಯ್ದೆಯಡಿ ಪಶ್ಚಿಮಕ್ಕೆ ಅಟ್ಟಿ ನೆಲ ಬಿಡಿಸಿದರು. 1790ರಲ್ಲಿ ಸುಮಾರು 7 ಲಕ್ಷ ಇದ್ದ ಗುಲಾಮರು 1860ಕ್ಕೆ ಸುಮಾರು 40 ಲಕ್ಷ ಆದರು. ತೋಟದ ಮಾಲೀಕರು ಗುಲಾಮರನ್ನೇ ಅಡವಿಟ್ಟು ಸಾಲ ತೆಗೆದು ಇನ್ನಷ್ಟು ನೆಲ, ಇನ್ನಷ್ಟು ಗುಲಾಮರನ್ನು ಕೊಂಡರು. ಬ್ರಿಟನ್‌ಗೆ ಬರುತ್ತಿದ್ದ ಅರಳೆಯಲ್ಲಿ ಮುಕ್ಕಾಲು ಪಾಲು ಅಲ್ಲಿಂದಲೇ.

ಇಷ್ಟು ದೊಡ್ಡ ಉದ್ಯಮ ಒಂದೇ ದೇಶವನ್ನು ನೆಚ್ಚಿಕೊಂಡರೆ ಅಪಾಯ ಅಂತ ಮ್ಯಾಂಚೆಸ್ಟರ್‌ನವರಿಗೆ ಗೊತ್ತಿತ್ತು. ಅದಕ್ಕೇ 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ತೋಟಗಾರರನ್ನು ಕರೆಸಿ ಭಾರತದಲ್ಲಿ ಅಮೆರಿಕದ ಬೀಜ ಬಿತ್ತಿಸಿ ನೋಡಿತು. ಬಹಳ ಕಡೆ ಸೋತಿತು. ಗಟ್ಟಿಯಾಗಿ ನೆಲೆಯೂರಿದ್ದು ಧಾರವಾಡ ಸೀಮೆಯಲ್ಲಿ, ಮುಂದೆ ಅದಕ್ಕೆ ಧಾರವಾಡ-ಅಮೆರಿಕನ್ ಅನ್ನುವ ಹೆಸರೇ ಬಂತು. ನಮ್ಮ ಜಿಲ್ಲೆಗಳ ಗಡಿಯಲ್ಲೂ ಹತ್ತಿಯ ಕೈ ಇದೆ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಕಾರವಾರದಲ್ಲಿ ಬಂದರು ಬೆಳೆಸಿ ಧಾರವಾಡದ ಹತ್ತಿಯನ್ನು ಘಟ್ಟ ಇಳಿಸಿ ಸಾಗಿಸಬೇಕು ಅನ್ನುವ ಒತ್ತಾಯ ಅದರ ಹಿಂದಿನ ದೊಡ್ಡ ಕಾರಣ. ಮಂಗಳೂರು ಒಂದು ಪ್ರಾಂತ್ಯದಲ್ಲಿ, ಕಾರವಾರ ಇನ್ನೊಂದು ಪ್ರಾಂತ್ಯದಲ್ಲಿ ಉಳಿದು ಕನ್ನಡ ಕರಾವಳಿ ಎರಡು ಭಾಗವಾಗಿ 1956ರವರೆಗೆ ಕಾಯಬೇಕಾಯಿತು.

ಇಷ್ಟರಲ್ಲಿ 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿತ್ತು. ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿತ್ತು, ಲ್ಯಾಂಕಾಷೈರ್‌ನಲ್ಲಿ ಗಿರಣಿಗಳು ನಿಂತವು, ಕೆಲಸಗಾರರು ಗಂಜಿ ಕೇಂದ್ರಗಳ ಮುಂದೆ ನಿಂತರು. ಭಾರತದ ಹತ್ತಿಗೆ ಬೆಲೆ ಜಿಗಿಯಿತು. ಮುಂಬೈಗೆ ದುಡ್ಡು ಸುರಿಯಿತು. ಹತ್ತಿ ವ್ಯಾಪಾರಿ ಪ್ರೇಮಚಂದ್ ರಾಯಚಂದ್ ಕಾಲದ ಷೇರು ಹುಚ್ಚು ಅದೇ, ಸಮುದ್ರ ತುಂಬಿ ನೆಲ ಮಾಡುವ ಬ್ಯಾಕ್ ಬೇ ಕಂಪನಿಯ ಷೇರಿಗೆ ಜನ ಮುಗಿಬಿದ್ದರು. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿ ಬೆಲೆ ಬಿತ್ತು, ಕಂಪನಿಗಳು ಉರುಳಿದವು, ಬ್ಯಾಂಕ್ ಆಫ್ ಬಾಂಬೆ ಕೂಡ ತಡೆಯಲಾರದೆ ಕೊನೆಗೆ ಮುಚ್ಚಿತು.

ಮುಂಬೈಯ ಸಾಹುಕಾರರ ಕಥೆ ಎಲ್ಲರೂ ಹೇಳುತ್ತಾರೆ. ಹಳ್ಳಿಯ ಲೆಕ್ಕ ನೋಡಬೇಕು. ಬೆಲೆ ಏರಿದಾಗ ರೈತನಿಗೆ ಸಾಲ ಸಲೀಸಾಗಿ ಸಿಕ್ಕಿತ್ತು. ಬೆಲೆ ಬಿದ್ದ ಮೇಲೆ ಕಂದಾಯ ಇಳಿಯಲಿಲ್ಲ, ಬಡ್ಡಿ ಇಳಿಯಲಿಲ್ಲ. ಹೊಸ ಸಿವಿಲ್ ಕೋರ್ಟುಗಳು ಪತ್ರದಲ್ಲಿ ಬರೆದದ್ದನ್ನೇ ನೋಡಿ ಸಾಲಗಾರನ ಜಮೀನು ಬರೆಸಿಕೊಟ್ಟವು. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಅನ್ನುವ ಊರಲ್ಲಿ ಶುರುವಾಗಿ ಪುಣೆ, ಅಹಮದ್‌ನಗರ ಜಿಲ್ಲೆಗಳ ರೈತರು ಎದ್ದರು. ಅವರು ಸುಟ್ಟದ್ದು ಹೆಚ್ಚಾಗಿ ಸಾಲದ ಪತ್ರಗಳನ್ನು. ಅದೇ ಹೊತ್ತಿಗೆ, ಹತ್ತಿ ಬೆಲೆ ನಂಬಿ ಯುರೋಪಿನ ಬ್ಯಾಂಕುಗಳಿಂದ ಸಾಲ ಎತ್ತಿದ್ದ ಈಜಿಪ್ಟ್ 1876ರಲ್ಲಿ ದಿವಾಳಿ ಎದ್ದಿತು. 1882ರಲ್ಲಿ ಬ್ರಿಟಿಷ್ ಸೈನ್ಯ ಅಲ್ಲಿ ಇಳಿಯಿತು. ಪುಣೆಯ ರೈತ ಮತ್ತು ಈಜಿಪ್ಟಿನ ದೊರೆ ಒಂದೇ ಬಲೆಯಲ್ಲಿ ಸಿಕ್ಕಿದ್ದರು ಅನ್ನುವುದು ಹತ್ತಿಯ ಹಿಂದೆ ಹೋದವರಿಗೆ ಮಾತ್ರ ಕಾಣುತ್ತದೆ.

ಇಲ್ಲಿ ಗಿರಣಿ ಕಟ್ಟಿದ್ದೂ ಕಥೆಯ ಭಾಗ. 1850ರ ದಶಕದಲ್ಲಿ ಮುಂಬೈ, 1880ರ ದಶಕದಲ್ಲಿ ಜಲಪಾತದ ನೀರಿನ ಬಲದಿಂದ ನಡೆಯುವ ಗೋಕಾಕದ ಗಿರಣಿ, ಜೊತೆಗೆ ಬೆಂಗಳೂರಿನ ಗಿರಣಿಗಳು ಬಂದವು. 1896ರಲ್ಲಿ ಸರ್ಕಾರ ಹೊರಗಿನ ಬಟ್ಟೆಗೆ ಶೇ. 3.5 ಸುಂಕ ಹಾಕಿತು, ಜೊತೆಗೇ ಭಾರತದ ಗಿರಣಿ ಬಟ್ಟೆಗೂ ಶೇ. 3.5 ತೆರಿಗೆ ಹಾಕಿತು, ಮ್ಯಾಂಚೆಸ್ಟರ್‌ಗೆ ತೊಂದರೆ ಆಗಬಾರದು ಅಂತ. 1700ರಲ್ಲಿ ಇಂಗ್ಲೆಂಡು ತನ್ನ ನೇಕಾರರಿಗೆ ಮಾಡಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕಾನೂನು ಯಾರ ಪರ ಅನ್ನುವುದಕ್ಕೆ ಬೇರೆ ಪಾಠ ಬೇಡ.

ಹಾಗಾದರೆ ಯಾರಿಗೆ ಯಾವುದು?

ಸಮಯ ಕಡಿಮೆ ಇದೆ, ಒಂದೇ ಎಳೆ ಸಾಕು ಅನ್ನುವವರಿಗೆ ಹತ್ತಿ. ಅದರ ಜೊತೆ ಇನ್ನೊಂದು ಸೇರಿಸುವಷ್ಟು ಪುರುಸೊತ್ತಿದ್ದರೆ ಸಕ್ಕರೆ, ಯಾಕಂದರೆ ಹತ್ತಿ ತೋಟದ ಗುಲಾಮಗಿರಿಯ ಅಚ್ಚು ತಯಾರಾದದ್ದು ಕಬ್ಬಿನ ತೋಟದಲ್ಲಿ. ಹಣಕಾಸಿನಲ್ಲಿ ಕೆಲಸ ಮಾಡುವವರು ಷೇರಿನಿಂದ ಶುರು ಮಾಡಿದರೆ ಬೇಸರ ಆಗುವುದಿಲ್ಲ, ಆದರೆ ಬಾಂಡಾ ದ್ವೀಪದ ಅಧ್ಯಾಯವನ್ನು ಹಾರಿಸಬೇಡಿ. ಅರ್ಥಶಾಸ್ತ್ರ ಓದಿದವರು, ವಾದ ಮಾಡುವುದು ಇಷ್ಟ ಇರುವವರು ಇಂಗ್ಲೆಂಡಿನ ಹೊಲ ಮತ್ತು ಬೆಳ್ಳಿ ಎರಡನ್ನೂ ಒಟ್ಟಿಗೆ ಓದಿ. ಒಂದು ಬಂಡವಾಳಶಾಹಿ ಹಳ್ಳಿಯ ಒಳಗಿನಿಂದ ಹುಟ್ಟಿತು ಅನ್ನುತ್ತದೆ, ಇನ್ನೊಂದು ಜಗತ್ತಿನ ವ್ಯಾಪಾರ ನೋಡದೆ ಏನೂ ಅರ್ಥ ಆಗದು ಅನ್ನುತ್ತದೆ. ಈ ಜಗಳದಲ್ಲಿ ಕಲಿಯುವುದು ಬಹಳ ಇದೆ.

ಈ ಐದೂ ದಾರಿ 1945ರ ಈಚೆಗೆ ನಿಮ್ಮನ್ನು ಪೂರ್ತಿ ತಂದು ಬಿಡುವುದಿಲ್ಲ. ಯುದ್ಧದ ನಂತರದ ಜಗತ್ತಿನ ಹಣಕಾಸು ವ್ಯವಸ್ಥೆ ರೂಪಿಸಿದ 1944ರ ಬ್ರೆಟನ್ ವುಡ್ಸ್ ಸಭೆ, 1971ರಲ್ಲಿ ಡಾಲರು-ಚಿನ್ನದ ನಂಟು ಕಡಿದದ್ದು, 1973ರಲ್ಲಿ ತೈಲ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟು ಆದದ್ದು, 1956ರಿಂದ ಹಡಗಿಗೆ ಬಂದ ಕಂಟೇನರ್ ಪೆಟ್ಟಿಗೆ, ಇವನ್ನು ಬೇರೆಯಾಗಿ ಓದಬೇಕು. ಆದರೂ ಹತ್ತಿ ಹಿಡಿದವರಿಗೆ ಇಲ್ಲೂ ಒಂದು ಅನುಕೂಲ ಇದೆ. ಬೆಂಗಳೂರಿನ ಗಾರ್ಮೆಂಟ್ಸ್ ಫ್ಯಾಕ್ಟರಿಗಳಲ್ಲಿ ಇವತ್ತು ಹೊಲಿಯುವ ಹೆಣ್ಣುಮಕ್ಕಳು ಅದೇ ಸರಪಳಿಯ ಈಚಿನ ಕೊಂಡಿ. 2016ರ ಏಪ್ರಿಲ್‌ನಲ್ಲಿ ಭವಿಷ್ಯ ನಿಧಿಯ ಹೊಸ ನಿಯಮ ತಮ್ಮ ಉಳಿತಾಯಕ್ಕೆ ಕೈ ಹಾಕುತ್ತಿದೆ ಅಂತ ಅವರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗೆ ಇಳಿದಾಗ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು.

ಓದುವ ಕ್ರಮದ ಬಗ್ಗೆ ಒಂದು ಸಲಹೆ. ಹತ್ತಿಯ ಕಥೆಯನ್ನು ಹಳೆಯದರಿಂದ ಹೊಸದಕ್ಕೆ ಓದಬೇಡಿ. 1861ರಲ್ಲಿ ಇಳಿಯಿರಿ. ಅಮೆರಿಕ, ಲಿವರ್‌ಪೂಲ್, ಮುಂಬೈ, ಧಾರವಾಡ, ಈಜಿಪ್ಟಿನ ಅಲೆಕ್ಸಾಂಡ್ರಿಯಾ ಐದೂ ಊರು-ಸೀಮೆಗಳಲ್ಲಿ ಆ ನಾಲ್ಕು ವರ್ಷ ಏನಾಯಿತು ಅಂತ ಒಂದು ನಕ್ಷೆ ಇಟ್ಟುಕೊಂಡು ಗುರುತು ಮಾಡಿ. ಅದು ಕೈಗೆ ಬಂದ ಮೇಲೆ 1793ಕ್ಕೆ, ಅಲ್ಲಿಂದ 1700ಕ್ಕೆ ಹಿಂದೆ ಹೋಗಿ, ಆಮೇಲೆ 1875, 1882, 1896 ಅಂತ ಮುಂದೆ ಬನ್ನಿ. ಪ್ರತಿ ಹೆಜ್ಜೆಯಲ್ಲೂ ಆ ವರ್ಷ ಸಾಲ ಕೊಟ್ಟವರು ಯಾರು ಅಂತ ಪಕ್ಕದಲ್ಲಿ ಬರೆದುಕೊಳ್ಳಿ.